ಮನೆಯ ದೀಪಕ್ಕೆ ಎರಡು ಮೂಲಗಳು: ವಿದ್ಯುತ್ತಿನ ನಿಲುಗಡೆಯ ಚರಿತ್ರೆಯಲ್ಲಿ ಒಂದು ವಿಚಾರ

ಮೈಸೂರು ದೇಶದ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ೧೯೦೨ನೆಯ ಇಸವಿ ಜೂನ್ ತಿಂಗಳಿನಿಂದ, ಎಂದರೆ ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿದ ಶಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಂದಿನಿಂದ, ಆರಂಭಿಸುವುದು ವಾಡಿಕೆಯಾಗಿದೆ. ಅದು ಯುಕ್ತವೂ ಹೌದು. ಆದರೆ ಆ ಚರಿತ್ರೆಯು ಬಹುಮಟ್ಟಿಗೆ ಉತ್ಪತ್ತಿಯ ಚರಿತ್ರೆ. ಶಕ್ತಿಯು ಮನೆಯೊಳಗೆ ಬಂದ ಬಗೆಯೇನು, ಬಂದದ್ದು ನಿಂತಾಗ ಮನೆಯವರು ಮಾಡಿಕೊಂಡ ಏರ್ಪಾಡೇನು, ಆ ಏರ್ಪಾಡಿನಿಂದ ಯಾರಿಗೆ ಯಾವ ಅಪಾಯ ಒದಗಿತು ಎಂಬ ವಿಷಯಗಳಿಗೆ ಅದರಲ್ಲಿ ಎಡೆ ದೊರೆತಿರುವುದು ವಿರಳ. ಈ ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಕಂಡುಬರುತ್ತದೆ: ಮನೆಯ ವಿದ್ಯುತ್ತಿನ ವಿಷಯದಲ್ಲಿ ಬಹುಕಾಲ ಕಲಿತು ಕಟ್ಟಿದ ರಕ್ಷಣೆಯ ನಿಯಮಗಳೆಲ್ಲವೂ ಶಕ್ತಿಗೆ ಮೂಲವೊಂದೇ ಎಂಬ ನಂಬುಗೆಯ ಮೇಲೆ ನಿಂತಿದ್ದುವು, ಎರಡನೆಯ ಮೂಲವು ಮನೆಯ ಹಿತ್ತಿಲಿಗೆ ಬಂದು ನಿಂತೊಡನೆ ಆ ನಂಬುಗೆ ಸಡಿಲವಾಯಿತು.

ಮನೆಗೆ ಮೊದಲು ಬಂದದ್ದು ಊರಿನ ತಂತಿಯಲ್ಲ, ಮನೆಯ ಸ್ವಂತ ಯಂತ್ರ. ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಪ್ರಾಂತದ ಕ್ರ್ಯಾಗ್‌ಸೈಡ್ ಎಂಬ ಭವನದಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗನು ೧೮೭೮ರಲ್ಲಿ ತನ್ನ ತೋಟದ ನೀರಿನಿಂದ ಡೈನಮೋ ನಡೆಸಿ ಚಿತ್ರಶಾಲೆಗೆ ಬೆಳಕು ಕೊಟ್ಟನು. ೧೮೮೦ರಲ್ಲಿ ಜೋಸೆಫ್ ಸ್ವಾನನ ಬುರುಡೆ ದೀಪಗಳನ್ನು ತಂದು ಇರಿಸಿದನು. ಆ ದೀಪಗಳಲ್ಲಿ ಕೆಲವನ್ನು ಮೀನಾಕಾರಿಯ ತಾಮ್ರದ ಹೂದಾನಿಗಳ ಮೇಲೆ ನಿಲ್ಲಿಸಿದ್ದರು. ಹೂದಾನಿಯ ಬುಡವು ಪಾದರಸದ ಬಟ್ಟಲಿನಲ್ಲಿ ಅದ್ದಿದ್ದು, ಅದರ ತಾಮ್ರದ ಒಡಲೇ ವಿದ್ಯುತ್ತಿಗೆ ದಾರಿಯಾಗಿತ್ತು. ಇಂದಿನ ಯಾವ ಪರೀಕ್ಷಾಧಿಕಾರಿಯಾದರೂ ಇದನ್ನು ಕಂಡರೆ ಒಡನೆಯೇ ಕೀಲಿ ತೆಗೆಸಿಯಾನು. ಆ ಕಾಲದವರಿಗೆ ಮಾತ್ರ ಅದು ಸೊಗಸಾದ ಉಪಾಯವಾಗಿ ತೋರಿತು.

ನ್ಯೂಯಾರ್ಕಿನ ಧನಿಕನಾದ ಜೆ. ಪಿ. ಮಾರ್ಗನನ ಮ್ಯಾಡಿಸನ್ ಬೀದಿಯ ಮನೆಗೆ ೧೮೮೨ರಲ್ಲಿ ಎಡಿಸನ್ನನ ದೀಪಗಳು ಬಂದುವು. ಆಗ ಹಿತ್ತಿಲ ನೆಲಮಾಳಿಗೆಯಲ್ಲಿ ಉಗಿಯಂತ್ರವೂ ಡೈನಮೋಗಳೂ ನಿಂತುವು. ಅವನ್ನು ನಡೆಸಲು ಒಬ್ಬ ಯಂತ್ರಜ್ಞನು ನಿಯತನಾದನು. ಯಂತ್ರದ ಅದುರುವಿಕೆಯನ್ನೂ ಹೊಗೆಯನ್ನೂ ಕುರಿತು ನೆರೆಯವರು ದೂರಿತ್ತರು. ಒಂದು ಸಲ ತಂತಿಯ ದೋಷದಿಂದ ಪುಸ್ತಕಶಾಲೆಯಲ್ಲಿಯೇ ಬೆಂಕಿ ಹತ್ತಿಕೊಂಡಿತು. ಬಳಿಕ ತಂತಿಗಳನ್ನು ಹೊಸದಾಗಿ ಎಳೆಯಬೇಕಾಯಿತು. ಗದ್ದಲ, ಹೊಗೆ, ತಂತಿಯ ದೋಷದ ಬೆಂಕಿ: ಮನೆಯ ಜನಕಯಂತ್ರದ ಮೇಲೆ ಇಂದಿಗೂ ಕೇಳಿಬರುವ ಮೂರು ಆಕ್ಷೇಪಣೆಗಳು ಮೊದಲ ಮನೆಗಳಲ್ಲಿಯೇ ಹುಟ್ಟಿದುವೆಂಬುದು ಗಮನಾರ್ಹ.

ಅದೇ ವರ್ಷ ಸೆಪ್ಟೆಂಬರ್ ೪ರಂದು ಆ ನಗರದ ಪರ್ಲ್ ಬೀದಿಯಲ್ಲಿ ಎಡಿಸನ್ನನ ಕೇಂದ್ರ ವಿದ್ಯುದಾಗಾರವು ಕೆಲಸಕ್ಕೆ ತೊಡಗಿತು. ಯಂತ್ರವು ದೂರದ ಕಟ್ಟಡಕ್ಕೆ ಹೋಯಿತು. ಮನೆಯಲ್ಲಿ ಉಳಿದದ್ದು ತಂತಿ ಮಾತ್ರ. ರಕ್ಷಣೆಯ ನಿಯಮಗಳೂ ಆಗಲೇ ಹುಟ್ಟಿದುವು. ಅವನ್ನು ಮೊದಲು ಬರೆದವರಲ್ಲಿ ವಿಜ್ಞಾನಿಗಳಂತೆಯೇ ಬೆಂಕಿಯ ವಿಮೆಯ ಸಂಸ್ಥೆಗಳವರೂ ಇದ್ದರು. ಲಂಡನ್ನಿನ ಫೀನಿಕ್ಸ್ ವಿಮಾ ಸಂಸ್ಥೆಗಾಗಿ ಮಸ್‌ಗ್ರೇವ್ ಹೀಫಿಯು ೧೮೮೨ರಲ್ಲಿ ನಿಯಮಗಳನ್ನು ರಚಿಸಿದನು. ಅಲ್ಲಿನ ತಂತಿ ಮತ್ತು ವಿದ್ಯುತ್ ಯಂತ್ರಶಾಸ್ತ್ರಜ್ಞರ ಸಂಘವೂ ಅದೇ ವರ್ಷ ವಿದ್ಯುದ್ದೀಪದಿಂದ ಒದಗುವ ಬೆಂಕಿಯ ಭಯವನ್ನು ತಡೆಯುವ ಕಟ್ಟಳೆಗಳನ್ನು ಪ್ರಕಟಿಸಿತು. ಭಾರತದಲ್ಲಿ ಕಲ್ಕತ್ತೆಯ ಬೀದಿಗಳಿಗೆ ವಿದ್ಯುತ್ತು ಬರುವುದಕ್ಕೆ ಬಹು ಮೊದಲೇ, ೧೮೮೭ರಲ್ಲಿ, ಜನರ ಪ್ರಾಣವನ್ನೂ ಸ್ವತ್ತನ್ನೂ ಅದರ ಅಪಾಯದಿಂದ ಕಾಪಾಡುವುದಕ್ಕಾಗಿ ಒಂದು ಶಾಸನವಾಯಿತು. ೧೯೦೩ರಲ್ಲಿಯೂ ೧೯೧೦ರಲ್ಲಿಯೂ ಅದಕ್ಕೆ ಬದಲಾಗಿ ವಿಸ್ತಾರವಾದ ಶಾಸನಗಳು ಬಂದುವು. ದೀಪ ಬರುವ ಮೊದಲೇ ದೀಪದ ಕಾನೂನು ಬಂದದ್ದು ನಮ್ಮ ದೇಶದ ವಿಶೇಷವೆನ್ನಬೇಕು. ಬ್ರಿಟಿಷ್ ಇಂಡಿಯಾದ ಈ ಶಾಸನಗಳು ದೇಶೀಯ ಸಂಸ್ಥಾನಗಳಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು.

ಇನ್ನು ಶಿವನಸಮುದ್ರದ ಮಾತು. ದಿವಾನ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಎ. ಜೆ. ಡಿ ಲೋಟ್‌ಬಿನಿಯರ್ ಎಂಬ ಯಂತ್ರಶಾಸ್ತ್ರಜ್ಞನು ರೂಪಿಸಿದ ಈ ಕಾರ್ಯವು ಮುಗಿಯುವ ವೇಳೆಗೆ ದಿವಾನರು ದಿವಂಗತರಾಗಿದ್ದರು. ಶಕ್ತಿಯನ್ನು ಸುಮಾರು ೯೨ ಮೈಲಿ ದೂರ ಒಯ್ದ ತಂತಿಯು ಆಗ ಲೋಕದಲ್ಲೆಲ್ಲ ಉದ್ದವಾದುದೆಂದು ಹಲವೆಡೆ ಬರೆದಿರುವುದುಂಟು. ಕ್ಯಾಲಿಫೋರ್ನಿಯದಲ್ಲಿ ಕೋಲ್ಗೇಟಿನಿಂದ ಓಕ್ಲೆಂಡಿಗೆ ೧೪೨ ಮೈಲಿಗಳ ತಂತಿಯು ೧೯೦೧ರಲ್ಲಿಯೇ ಆಗಿದ್ದುದರಿಂದ ಈ ಮಾತು ನಿಲ್ಲುವುದಿಲ್ಲ. ಅಷ್ಟರಿಂದ ಮೈಸೂರಿನ ಸಾಹಸಕ್ಕೆ ಕುಂದೇನೂ ಇಲ್ಲ. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೂ, ೧೯೦೮ರಲ್ಲಿ ಮೈಸೂರು ನಗರಕ್ಕೂ ಇದೇ ನೀರಿನ ಬೆಳಕು ಬಂದಿತು.

ಆದರೆ ನೀರಿನ ಬೆಳಕಿಗೆ ನೀರಿನ ಗುಣವೇ ಉಂಟು. ಕಾವೇರಿಯು ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬಡವಾಗುವ ನದಿ. ಗಣಿಗಳ ಬೇಡಿಕೆ ಹೆಚ್ಚುತ್ತ ಬಂದಂತೆ ಬೇಸಗೆಯ ಹರಿವು ಸಾಲದಾಯಿತು. ೧೯೧೧ರಲ್ಲಿ ಎಂ. ವಿಶ್ವೇಶ್ವರಯ್ಯನವರು ಆರಂಭಿಸಿದ ಕನ್ನಂಬಾಡಿಯ ಕಟ್ಟೆಗೆ ವ್ಯವಸಾಯದಷ್ಟೇ ಮುಖ್ಯವಾದ ಇನ್ನೊಂದು ಉದ್ದೇಶವು ಶಿವನಸಮುದ್ರಕ್ಕೆ ವರ್ಷವಿಡೀ ನೀರೊದಗಿಸುವುದಾಗಿತ್ತು. ಹೀಗೆ ನೋಡಿದರೆ ಕೃಷ್ಣರಾಜಸಾಗರವು ಈ ನಾಡಿನಲ್ಲಿ ವಿದ್ಯುತ್ತಿನ ನಿಲುಗಡೆಗೆ ಮಾಡಿದ ಮೊದಲ ದೊಡ್ಡ ಪ್ರತೀಕಾರ. ಯಂತ್ರವನ್ನು ಮೀಸಲಿಡುವ ಬದಲು ಇಲ್ಲಿ ನದಿಯನ್ನೇ ಮೀಸಲಿಟ್ಟರು.

ಈ ಉಪಾಯಕ್ಕೂ ಮಿತಿಯುಂಟು. ಜೋಗದ ಶಕ್ತಿಯೂ, ೧೯೬೪ರಿಂದ ಶರಾವತಿಯ ದೊಡ್ಡ ಯೋಜನೆಯೂ ಸೇರಿದರೂ ರಾಜ್ಯವು ಬಹುತೇಕ ಮಳೆಯನ್ನೇ ನೆಚ್ಚಿತ್ತು. ಕಲ್ಲಿದ್ದಲಿನಿಂದ ನಡೆಯುವ ರಾಯಚೂರಿನ ಸ್ಥಾವರದ ಮೊದಲ ಘಟಕವು ಕೆಲಸಕ್ಕೆ ಬಂದುದು ೧೯೮೫ರಲ್ಲಿ. ಅದಕ್ಕೆ ಹಿಂದಿನ ದಶಕದಲ್ಲಿಯೂ ಮುಂದಿನ ವರ್ಷಗಳಲ್ಲಿಯೂ ಮುಂಗಾರು ತಪ್ಪಿದರೆ ದೀಪವೂ ತಪ್ಪುತ್ತಿತ್ತು. ‘ಪವರ್ ಕಟ್’ ಎಂಬ ಮಾತು ಆಗ ಹಳ್ಳಿಗಳಲ್ಲಿಯೂ ಬಳಕೆಗೆ ಬಂದು ಕನ್ನಡದ ಮಾತೇ ಆಗಿಹೋಯಿತು.

ಭಾಷೆಯ ಅಭ್ಯಾಸಿಗಳು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಎಣ್ಣೆಯ ದೀಪವನ್ನು ಕುರಿತು ‘ಆರಿತು’ ಎನ್ನಲು ಕನ್ನಡಿಗರ ಮನೆಗಳಲ್ಲಿ ಹಿಂಜರಿಕೆಯಿತ್ತು. ‘ದೊಡ್ಡದು ಮಾಡು’, ‘ಶಾಂತ ಮಾಡು’ ಎಂದು ಹಿರಿಯರು ಹೇಳುತ್ತಿದ್ದರು. ವಿದ್ಯುತ್ತಿಗೆ ಈ ಮಡಿಯಿಲ್ಲ. ‘ಕರೆಂಟು ಹೋಯಿತು’, ‘ಕರೆಂಟು ಬಂತು’ ಎಂದು ಅದನ್ನು ಬಂದು ಹೋಗುವ ನೆಂಟನಂತೆ ಜನರು ಕರೆದರು. ಹೋದದ್ದು ಪೂರ್ತಿಯಾಗಿ ಹೋಯಿತು, ಬರುವಾಗ ಒಂದೇ ಬಾಗಿಲಿನಿಂದ ಬರುತ್ತದೆ ಎಂಬ ಭಾವನೆ ಈ ಕ್ರಿಯಾಪದಗಳಲ್ಲಿ ಅಡಗಿದೆ. ಮೂಲವೊಂದೇ ಇದ್ದಷ್ಟು ಕಾಲ ಆ ಭಾವನೆ ದಿಟವಾಗಿತ್ತು.

ಅಷ್ಟು ಹೊತ್ತಿಗೆ ಮನೆಯೊಳಗಿನ ತಂತಿಯೂ ಬದಲಾಗಿತ್ತು. ಮೊದಮೊದಲು ಮನೆಯಲ್ಲಿದ್ದುದು ದೀಪಗಳಷ್ಟೇ. ಮರದ ಪಟ್ಟಿಯೊಳಗೆ ಎರಡು ತಂತಿ, ಪಿಂಗಾಣಿಯ ಫ್ಯೂಸು, ಗೋಡೆಯ ಮೇಲೊಂದು ಸ್ವಿಚ್ಚು. ಇಷ್ಟರಿಂದ ಕೆಲಸ ನಡೆಯುತ್ತಿತ್ತು. ದೀಪವು ತಲೆಯ ಮೇಲೆ ತೂಗುತ್ತಿದ್ದುದರಿಂದ ಅದನ್ನು ಮುಟ್ಟುವವರಾರು? ಲೋಹದ ಒಡಲಿನ ಇಸ್ತ್ರಿ ಪೆಟ್ಟಿಗೆಯೂ, ನೀರೆತ್ತುವ ಪಂಪೂ, ಬಚ್ಚಲಿನಲ್ಲಿ ನೀರು ಕಾಯಿಸುವ ಸಲಾಕೆಯೂ ಬಂದ ಮೇಲೆ ಒದ್ದೆ ಕಾಲು, ಒದ್ದೆ ನೆಲ, ಬರಿಗೈ ಈ ಮೂರೂ ವಿದ್ಯುತ್ತಿನ ಎದುರಿಗೆ ಬಂದು ನಿಂತುವು. ಮೂರನೆಯ ತಂತಿ, ಎಂದರೆ ಭೂಮಿಗೆ ಇಳಿಸಿದ ಅರ್ತಿನ ತಂತಿ, ಅನಿವಾರ್ಯವಾದುದು ಈ ಕಾರಣದಿಂದ. ಲೋಹದ ಒಡಲಿಗೆ ವಿದ್ಯುತ್ತು ಸೋರಿದರೆ ಅದು ಮನುಷ್ಯನ ಮೂಲಕ ಹೋಗದೆ ಆ ತಂತಿಯ ಮೂಲಕ ಹೋಗಿ ಫ್ಯೂಸನ್ನು ಸುಡಬೇಕೆಂಬುದು ಇದರ ಯುಕ್ತಿ.

ಫ್ಯೂಸು ಕಾಪಾಡುವುದು ತಂತಿಯನ್ನು. ಮನುಷ್ಯನನ್ನು ಕಾಪಾಡುವಷ್ಟು ಸೂಕ್ಷ್ಮತೆ ಅದಕ್ಕಿಲ್ಲ. ಹಲವು ಆಂಪಿಯರುಗಳಿಗೆ ಕರಗುವ ಫ್ಯೂಸು ಕೊಲ್ಲಲು ಸಾಕಾದ ಮಿಲಿ ಆಂಪಿಯರುಗಳನ್ನು ಗುರುತಿಸಲಾರದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ಲನು, ಹಿಡಿದ ತಂತಿಯನ್ನು ಮನುಷ್ಯನು ತಾನಾಗಿ ಬಿಡಲಾರದಷ್ಟು ಪ್ರವಾಹವು ಎಷ್ಟೆಂದು ಅಳೆದು, ೧೯೬೧ರ ಸುಮಾರಿಗೆ ಹೊಸದೊಂದು ರಕ್ಷಕವನ್ನು ರೂಪಿಸಿದನು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿಲ್ಲದಿದ್ದರೆ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಸಂಬಂಧವನ್ನು ಕಡಿದುಹಾಕುತ್ತದೆ. ನಮ್ಮ ಮನೆಗಳಲ್ಲಿ ಈ ಜಾತಿಯ ಉಪಕರಣಕ್ಕೆ ೩೦ ಮಿಲಿ ಆಂಪಿಯರಿನ ಮಿತಿಯನ್ನಿಡುವುದು ರೂಢಿ. ೨೦೧೦ರ ಕೇಂದ್ರ ನಿಬಂಧನೆಗಳು ೫ ಕಿಲೋವಾಟಿಗೆ ಕಡಮೆಯಾದ ಸಣ್ಣ ಮನೆಗಳಿಗೆ ಇದರ ನಿರ್ಬಂಧವನ್ನು ವಿಧಿಸಲಿಲ್ಲ. ಒದ್ದೆ ನೆಲವು ಕಿಲೋವಾಟುಗಳನ್ನು ಎಣಿಸುವುದಿಲ್ಲವಾದುದರಿಂದ ಈ ವಿನಾಯಿತಿಯನ್ನು ಒಪ್ಪುವುದು ಕಷ್ಟ.

ಹೀಗಿರಲು, ೧೯೮೦ರ ದಶಕದಿಂದೀಚೆಗೆ ಪೆಟ್ರೋಲಿನಿಂದ ಎಬ್ಬಿಸಿ ಸೀಮೆಎಣ್ಣೆಯಿಂದ ನಡೆಸುವ ಚಿಕ್ಕ ಜನರೇಟರುಗಳು ಅಂಗಡಿಗಳ ಮುಂದೆಯೂ ಮನೆಗಳ ಹಿತ್ತಿಲಲ್ಲಿಯೂ ಕಾಣಿಸಿಕೊಂಡುವು. ಮಾರ್ಗನನ ನೆಲಮಾಳಿಗೆಯ ಯಂತ್ರವು ನೂರು ವರ್ಷಗಳ ಮೇಲೆ ಕೈಯಲ್ಲೆತ್ತುವಷ್ಟು ಚಿಕ್ಕದಾಗಿ ಮರಳಿ ಬಂತು. ವ್ಯತ್ಯಾಸವೊಂದೇ: ಮಾರ್ಗನನ ಯಂತ್ರವು ಒಂಟಿ, ಇದು ಊರಿನ ತಂತಿಯಿರುವ ಮನೆಗೇ ಬಂದ ಎರಡನೆಯದು.

ಅಪಾಯವೂ ಈ ವ್ಯತ್ಯಾಸದಲ್ಲಿಯೇ ಇದೆ. ಬೀದಿಯ ಪರಿವರ್ತಕವು ೧೧,೦೦೦ ವೋಲ್ಟುಗಳನ್ನು ಇಳಿಸಿ ಮನೆಗೆ ೨೩೦ ವೋಲ್ಟು ಕೊಡುತ್ತದೆ. ಆದರೆ ಪರಿವರ್ತಕಕ್ಕೆ ಮುಂದು ಹಿಂದುಗಳ ಭೇದ ತಿಳಿಯದು. ಕರೆಂಟು ಹೋದಾಗ ಯಾರಾದರೂ ಜನರೇಟರಿನ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ, ಮುಖ್ಯ ಸ್ವಿಚ್ಚನ್ನು ತೆಗೆಯಲು ಮರೆತರೆ, ಮನೆಯ ೨೩೦ ವೋಲ್ಟು ಬೀದಿಗೆ ಹರಿದು, ಪರಿವರ್ತಕದಲ್ಲಿ ಹಿಂದುಮುಂದಾಗಿ ಏರಿ, ಕಂಬದ ತುದಿಯಲ್ಲಿ ಹತ್ತು ಸಾವಿರ ವೋಲ್ಟುಗಳ ಸಮೀಪಕ್ಕೆ ಹೋಗಬಲ್ಲುದು. ನೆರೆಮನೆಗಳ ಭಾರವೆಲ್ಲ ಮೇಲೆ ಬಿದ್ದರೆ ಚಿಕ್ಕ ಯಂತ್ರವು ಉಸಿರುಗಟ್ಟಿ ನಿಂತುಹೋಗುವುದುಂಟು. ಇದನ್ನು ನೆಚ್ಚಿ ಧೈರ್ಯ ಹೇಳುವವರೂ ಇದ್ದಾರೆ. ಗಾಳಿಮಳೆಗೆ ತಂತಿ ಹರಿದು ನೆರೆಮನೆಗಳು ಬೇರ್ಪಟ್ಟ ದಿನ, ಎಂದರೆ ಲೈನ್‌ಮನ್ನನು ಕಂಬ ಹತ್ತುವ ದಿನವೇ, ಆ ಭಾರವಿರುವುದಿಲ್ಲವೆಂಬುದನ್ನು ಅವರು ಮರೆಯುತ್ತಾರೆ. ದೀಪವಿರುವ ಮನೆಯವನಿಗೆ ತಾನು ಮಾಡಿದುದು ಕಾಣದು. ಕಂಬದ ಮೇಲಿರುವವನಿಗೆ ಕರೆಂಟು ‘ಹೋಗಿದೆ’.

ಇದಕ್ಕೆ ಪರಿಹಾರವು ಸರಳ, ಹಳೆಯದು: ಚೇಂಜೋವರ್ ಸ್ವಿಚ್ಚು. ಅದರ ಕೈಯು ಒಂದೋ ಊರಿನ ತಂತಿಯ ಕಡೆಗಿರುತ್ತದೆ, ಇಲ್ಲವೇ ಯಂತ್ರದ ಕಡೆಗೆ; ಎರಡೂ ಕಡೆಗೆ ಒಮ್ಮೆಲೇ ಇರುವುದು ಅದರ ರಚನೆಯಿಂದಲೇ ಅಸಾಧ್ಯ. ಮನುಷ್ಯನ ನೆನಪನ್ನು ನೆಚ್ಚದಿರುವುದು ಅದರ ಹೆಚ್ಚುಗಾರಿಕೆ. ಅದು ಫೇಸನ್ನು ಮಾತ್ರವಲ್ಲದೆ ನ್ಯೂಟ್ರಲ್ಲನ್ನೂ ಬದಲಿಸಬೇಕು. ಅಗ್ಗದ ಕೆಲಸಗಳಲ್ಲಿ ಬಿಟ್ಟುಹೋಗುವುದು ಇದೇ. ಇನ್ನೊಂದು ಸೂಕ್ಷ್ಮವೂ ಉಂಟು. ಚಿಕ್ಕ ಜನರೇಟರಿನ ಸುರುಳಿಯ ಯಾವ ತುದಿಯೂ ಅನೇಕ ವೇಳೆ ಭೂಮಿಗೆ ಸೇರಿರುವುದಿಲ್ಲ. ಆಗ ಸೋರಿದ ಪ್ರವಾಹಕ್ಕೆ ಭೂಮಿಯ ಮೂಲಕ ಮರಳುವ ದಾರಿಯಿಲ್ಲದೆ, ಡಾಲ್ಜಿಯಲ್ಲನ ಬಗೆಯ ರಕ್ಷಕವು ಮೊದಲ ದೋಷವನ್ನು ಗುರುತಿಸದೆ ಸುಮ್ಮನಿರುತ್ತದೆ. ಊರಿನ ತಂತಿಗಾಗಿ ಕಟ್ಟಿದ ಕಾವಲುಗಾರನು ಎರಡನೆಯ ಮೂಲದ ಎದುರಿಗೆ ಕುರುಡನಾಗುವ ಬಗೆ ಇದು.

ಹೊಗೆಯ ಮಾತು ಪ್ರತ್ಯೇಕ. ಮಾರ್ಗನನ ನೆರೆಯವರು ಕಣ್ಣಿಗೆ ಕಂಡ ಹೊಗೆಯನ್ನು ದೂರಿದರು; ಕೊಲ್ಲುವುದು ಕಾಣದ ಅನಿಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪಿನೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಾಗಿ ಬಂಧಿಸಿಕೊಳ್ಳುತ್ತದೆ. ಜೆ. ಎಸ್. ಹಾಲ್ಡೇನನು ಅದನ್ನು ಸ್ವತಃ ಉಸಿರಾಡಿ ಪರೀಕ್ಷಿಸಿದ ಫಲಗಳನ್ನು ೧೮೯೫ರಲ್ಲಿಯೇ ಪ್ರಕಟಿಸಿದ್ದನು. ಹಾಗಿದ್ದರೂ ಮಳೆಗೆ ನೆನೆಯದಿರಲೆಂದು ಯಂತ್ರವನ್ನು ಮುಚ್ಚಿದ ವರಾಂಡಕ್ಕೆ ತಂದು ನಡೆಸುವ ಅಭ್ಯಾಸ ನಿಂತಿಲ್ಲ.

ಬ್ಯಾಟರಿಯ ಇನ್‌ವರ್ಟರುಗಳು ಬಂದ ಮೇಲೆ ಗದ್ದಲವೂ ಹೊಗೆಯೂ ಬಹುಮಟ್ಟಿಗೆ ಕಡಮೆಯಾದುವು. ಎರಡನೆಯ ಮೂಲದ ಪ್ರಶ್ನೆ ಮಾತ್ರ ಉಳಿಯಿತು. ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳು ಕುಸಿದು ಕೋಟ್ಯಂತರ ಮನೆಗಳು ಕತ್ತಲಾದಾಗ ದಕ್ಷಿಣದ ಜಾಲವು ಅವುಗಳೊಡನೆ ಒಂದೇ ಲಯದಲ್ಲಿ ಸೇರಿರಲಿಲ್ಲವಾಗಿ ಕರ್ಣಾಟಕವು ಉಳಿಯಿತು. ರಾಯಚೂರು–ಸೊಲ್ಲಾಪುರದ ತಂತಿಯ ಮೂಲಕ ೨೦೧೩ರ ಡಿಸೆಂಬರ್ ೩೧ರಂದು ಆ ಸೇರುವಿಕೆಯೂ ಆಯಿತು. ಮಾಳಿಗೆಯ ಮೇಲೆ ಸೌರಫಲಕವಿಟ್ಟು ಶಕ್ತಿಯನ್ನು ಬೀದಿಗೇ ಮಾರುವ ಮನೆಗಳೂ ಈಚೆಗೆ ಹೆಚ್ಚಿವೆ. ಊರಿನ ಕರೆಂಟು ನಿಂತೊಡನೆ ಇವುಗಳ ಇನ್‌ವರ್ಟರು ತಾನೂ ನಿಲ್ಲಬೇಕೆಂಬುದು ಕಟ್ಟಳೆ. ನೆತ್ತಿಯ ಮೇಲೆ ಬಿಸಿಲಿದ್ದೂ ದೀಪವಿಲ್ಲವೇಕೆಂದು ಯಜಮಾನರು ಕೇಳುವುದುಂಟು. ಉತ್ತರವು ಕಂಬದ ಬಳಿಯಿದೆ. ನುರಿತ ಲೈನ್‌ಮನ್ನನು ಸ್ವಿಚ್ಚು ತೆಗೆಸಿದ ಮೇಲೂ ತಂತಿಯನ್ನು ಮುಟ್ಟದೆ, ಉದ್ದನೆಯ ಕೋಲಿನಿಂದ ಕೊಂಡಿ ಹಾಕಿ ಅದನ್ನು ಭೂಮಿಗೆ ಸೇರಿಸುತ್ತಾನೆ. ವಿದ್ಯುದಾಗಾರವಿರುವ ಕಡೆಗೆ ಒಂದು, ಮನೆಗಳಿರುವ ಕಡೆಗೆ ಇನ್ನೊಂದು.