ಪಾಪ್ಲರ್ ಪುರಸಭೆಯ ನಿರಾಕರಣೆ

ಸ್ಥಳೀಯ ಸ್ವಯಮಾಡಳಿತದ ಚರಿತ್ರೆಯಲ್ಲಿ ಪೂರ್ವ ಲಂಡನ್ನಿನ ಪಾಪ್ಲರ್ ಪುರಸಭೆಯ ವೃತ್ತಾಂತವು ವಿಶೇಷ ಗಮನಕ್ಕೆ ಅರ್ಹವಾದುದು. ಹಡಗುಕಟ್ಟೆಯ ಕೂಲಿಗಾರರು ವಾಸಿಸುತ್ತಿದ್ದ ಈ ಬಡ ಪ್ರದೇಶದಲ್ಲಿ ಪ್ರಥಮ ಮಹಾಯುದ್ಧಾನಂತರ ನಿರುದ್ಯೋಗವು ಹಬ್ಬಿತು. ಬಡವರ ಪರಿಹಾರದ ವೆಚ್ಚದ ಬಹುಭಾಗವನ್ನು ಆಯಾ ಪ್ರದೇಶದ ಮನೆಕಂದಾಯದಿಂದಲೇ ಭರಿಸಬೇಕಾಗಿದ್ದುದರಿಂದ, ಎಲ್ಲಿ ದಾರಿದ್ರ್ಯವು ಅಧಿಕವೋ ಅಲ್ಲಿಯೇ ಕಂದಾಯವೂ ಅಧಿಕವಾಗುತ್ತಿತ್ತು.

1919ರಲ್ಲಿ ಬಹುಮತ ಪಡೆದ ಲೇಬರ್ ಪಕ್ಷದ ಸದಸ್ಯರು, ಜಾರ್ಜ್ ಲ್ಯಾನ್ಸ್‌ಬರಿಯವರ ನೇತೃತ್ವದಲ್ಲಿ, 1921ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಮೊದಲಾದ ಸಂಸ್ಥೆಗಳಿಗೆ ಸಲ್ಲತಕ್ಕ ಪಾಲನ್ನು ವಸೂಲು ಮಾಡಲು ನಿರಾಕರಿಸಿದರು. ಜುಲೈ 29ರಂದು ನಿವಾಸಿಗಳೊಡನೆ ಮೆರವಣಿಗೆಯಲ್ಲಿ ಉಚ್ಚ ನ್ಯಾಯಾಲಯಕ್ಕೆ ನಡೆದರು. ನ್ಯಾಯಾಲಯದ ಆಜ್ಞೆಯನ್ನು ಪಾಲಿಸದ 30 ಸದಸ್ಯರು ಸೆಪ್ಟೆಂಬರಿನಲ್ಲಿ ಬಂಧಿತರಾದರು. ಪುರಸಭೆಯು ಸೆರೆಮನೆಯಲ್ಲಿಯೇ ಸಭೆ ಸೇರಿತು. ಅಕ್ಟೋಬರಿನಲ್ಲಿ ಅವರ ಬಿಡುಗಡೆಯಾಯಿತು. ಅದೇ ವರ್ಷದ ಶಾಸನವೊಂದು ಬಡವರ ಹೊರಪರಿಹಾರದ ವೆಚ್ಚವನ್ನು ಇಡೀ ಲಂಡನ್ನಿಗೆ ಹಂಚಿತು.

ಸ್ವಪಕ್ಷೀಯರಾದ ಹರ್ಬರ್ಟ್ ಮಾರಿಸನ್ನರೂ ಈ ಮಾರ್ಗವನ್ನು ಒಪ್ಪಲಿಲ್ಲ. ಚುನಾಯಿತ ಸಂಸ್ಥೆಯೇ ಶಾಸನವನ್ನು ಮೀರಿದರೆ ಆಡಳಿತವು ನಿಲ್ಲುವುದೆಂತು ಎಂಬ ಆಕ್ಷೇಪಣೆಯನ್ನು ನಾವು ಲಘುವಾಗಿ ಎಣಿಸಲಾರೆವು. ಆದರೆ ವರ್ಷಗಟ್ಟಲೆ ಮನವಿಗಳಿಂದ ಸಾಧ್ಯವಾಗದ ತಿದ್ದುಪಡಿಯು ಆ ಸೆರೆವಾಸದ ತರುವಾಯ ಸಾಧ್ಯವಾಯಿತೆಂಬುದನ್ನೂ ನಾವು ಮರೆಯುವಂತಿಲ್ಲ. ಸ್ವಯಮಾಡಳಿತಕ್ಕೆ ಅಧಿಕಾರವಿದ್ದರೆ ಸಾಲದು; ಹೊಣೆಗೆ ತಕ್ಕ ಹಣವೂ ಅದಕ್ಕೆ ಇರಬೇಕೆಂಬುದೇ ಪಾಪ್ಲರಿನ ಪಾಠವೆಂದು ನಾವು ಭಾವಿಸುತ್ತೇವೆ.