ಶೆಕ್ ಕಿಪ್ ಮೇ ಬೆಂಕಿ ಮತ್ತು ಕುಂಗ್‌ಫೂ

ನನ್ನ ಕರಾಟೆ ತರಗತಿಗೆ ಬರುವ ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ಬ್ರೂಸ್ ಲೀ, ಆಮೇಲೆ ಜಾಕಿ ಚಾನ್. ಒದೆತ ಕಲಿಸುವ ಮೊದಲು ನಾನು ಅವರಿಗೆ ಹಾಂಗ್‌ಕಾಂಗ್‌ನ ಒಂದು ಬೆಂಕಿಯ ಕಥೆ ಹೇಳುತ್ತೇನೆ.

1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇ ಎಂಬಲ್ಲಿನ ಜೋಪಡಿಗಳು ಹೊತ್ತಿಕೊಂಡವು. ಚೀನಾದ ಅಂತರ್ಯುದ್ಧಕ್ಕೆ, ಆಮೇಲೆ ಕಮ್ಯುನಿಸ್ಟ್ ಆಳ್ವಿಕೆಗೆ ಹೆದರಿ ಬಂದವರು ಹಲಗೆ, ತಗಡು ಜೋಡಿಸಿ ಕಟ್ಟಿಕೊಂಡಿದ್ದ ಸೂರುಗಳವು. ಬೆಳಗಾಗುವುದರೊಳಗೆ 50,000ಕ್ಕೂ ಹೆಚ್ಚು ಜನ ಬೀದಿಗೆ ಬಿದ್ದಿದ್ದರು. ಸರ್ಕಾರ ಆಮೇಲೆ ಕಟ್ಟಿಸಿದ ಬಹುಮಹಡಿ ವಸತಿಯಲ್ಲಿ ಐದು ಜನ ದೊಡ್ಡವರಿಗೆ ಸಿಕ್ಕಿದ್ದು 120 ಚದರಡಿಯ ಒಂದು ಕೋಣೆ.

ಈ ನಿರಾಶ್ರಿತರ ನೆರವಿಗೆ ಹಣ ಕೂಡಿಸಲು 1954ರ ಜನವರಿ 17ರಂದು ಇಬ್ಬರು ಕುಂಗ್‌ಫೂ ಗುರುಗಳು ಅಖಾಡಕ್ಕಿಳಿದರು. ಹಾಂಗ್‌ಕಾಂಗ್‌ನಲ್ಲಿ ಅಂಥ ಪಂದ್ಯಕ್ಕೆ ಅವಕಾಶವಿರಲಿಲ್ಲ, ಹಾಗಾಗಿ ಆಗ ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್‌ನಲ್ಲಿ ನಡೆಯಿತು. ತಾಯ್‌ಚಿಯ ವೂ ಗೊಂಗ್‌ಯೀಗೆ ಐವತ್ತು ದಾಟಿತ್ತು. ಬಿಳಿ ಕೊಕ್ಕರೆ ಪದ್ಧತಿಯ ಚಾನ್ ಹಾಕ್‌ಫೂ ಅವರಿಗಿಂತ ಎಷ್ಟೋ ಚಿಕ್ಕವರು. ಆ ಪಂದ್ಯದ ಫಿಲ್ಮ್ ಉಳಿದಿದೆ, ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ಸಿನಿಮಾದ ಸೊಗಸು ಅಲ್ಲಿಲ್ಲ. ತೋಳು ಬೀಸುತ್ತಾರೆ, ಗುರಿ ತಪ್ಪುತ್ತದೆ, ಚಾನ್ ಮೂಗಿನಿಂದ ರಕ್ತ ಇಳಿಯುತ್ತದೆ. ಕಾಲೆತ್ತಬಾರದೆಂಬ ನಿಯಮವನ್ನು ಮೀರುತ್ತಲೇ ಪಂದ್ಯ ನಿಂತಿತು. ಗೆಲುವಲ್ಲ, ಸೋಲಲ್ಲ, ಸಮವೂ ಅಲ್ಲ ಎಂದು ತೀರ್ಪಾಯಿತು. ನಿಜವಾದ ಹೊಡೆದಾಟ ಹೀಗೇ ಇರುತ್ತದೆ. ಆದರೂ ಊರಿಗೆ ಊರೇ ಅದರ ಮಾತಾಡುತ್ತಿತ್ತು. ಮೂರೇ ದಿನಕ್ಕೆ ಒಂದು ಸಂಜೆಪತ್ರಿಕೆ ಲಿಯಾಂಗ್ ಯೂಶೆಂಗ್ ಅವರ ಕತ್ತಿವೀರರ ಧಾರಾವಾಹಿ ಶುರುಮಾಡಿತು. ಮರುವರ್ಷ ಜಿನ್ ಯೊಂಗ್ ಕೂಡ ಅಂಥದೇ ಕಾದಂಬರಿ ಬರೆಯತೊಡಗಿದರು. ಮುಂದೆ ಎಷ್ಟೋ ಸಿನಿಮಾಗಳು ಹುಟ್ಟಿದ್ದು ಆ ಕಾದಂಬರಿಗಳಿಂದ.

ಫೋಶಾನ್‌ನ ಸಿರಿವಂತ ಮನೆಯ ಇಪ್ ಮಾನ್ ಕೂಡ ಆ ನಿರಾಶ್ರಿತರಂತೆ ಹಾಂಗ್‌ಕಾಂಗ್‌ಗೆ ಬರಿಗೈಯಲ್ಲಿ ಬಂದವರೇ. 1950ರಲ್ಲಿ ಹೋಟೆಲ್ ಕಾರ್ಮಿಕರ ಸಂಘದಲ್ಲಿ ವಿಂಗ್ ಚುನ್ ಎಂಬ ಕುಂಗ್‌ಫೂ ಪದ್ಧತಿ ಕಲಿಸಿ ಹೊಟ್ಟೆ ಹೊರೆದರು. ಅವರ ಶಿಷ್ಯನಾದ ಬ್ರೂಸ್ ಲೀ 1958ರಲ್ಲಿ ಶಾಲಾ ಬಾಕ್ಸಿಂಗ್ ಗೆದ್ದ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಜಾಕಿ ಚಾನ್ ಕಥೆ. ಚೀನಾದಿಂದ ಓಡಿಬಂದ ಅಪ್ಪ ಫ್ರೆಂಚ್ ರಾಜತಾಂತ್ರಿಕರ ಮನೆಯಲ್ಲಿ ಅಡುಗೆಯವರು. ಅವರು ದುಡಿಮೆಗೆಂದು ಆಸ್ಟ್ರೇಲಿಯಾಕ್ಕೆ ಹೋದಾಗ ಹುಡುಗ ಬೀಜಿಂಗ್ ಒಪೆರಾದ ಗುರು ಯೂ ಜಿಮ್‌ಯೂನ್ ಅವರ ಶಾಲೆಯಲ್ಲಿ ಹತ್ತು ವರ್ಷದ ಕರಾರಿಗೆ ಉಳಿದ. ಊಟ, ವಸತಿ, ವಿದ್ಯೆ ಗುರುವಿನದು. ಮಗು ರಂಗದಲ್ಲಿ ದುಡಿದ ಹಣವೂ ಗುರುವಿನದೇ. ಹಾಡು, ಕತ್ತಿವರಸೆ, ಲಾಗ, ಕೈ ನೆಲಕ್ಕೂರಿ ತಲೆಕೆಳಗಾಗಿ ನಿಲ್ಲುವುದು. ತಪ್ಪಿದರೆ ಬೆತ್ತ. ಬಡತನಕ್ಕೆ ಮಕ್ಕಳನ್ನು ಹೀಗೆ ಬರೆದುಕೊಟ್ಟಿದ್ದನ್ನು ಗುರುಕುಲವೆಂದು ಹೊಗಳಲು ನನ್ನಿಂದಾಗದು. ನನ್ನ ತರಗತಿಯಲ್ಲಿ ಬೆತ್ತಕ್ಕೆ ಜಾಗವಿಲ್ಲ.

ಅಷ್ಟು ಕಲಿತು ಹೊರಬರುವ ಹೊತ್ತಿಗೆ ಒಪೆರಾ ನೋಡುವವರೇ ಕಡಿಮೆಯಾಗಿದ್ದರು. ಹುಡುಗರು ಸಿನಿಮಾ ಸ್ಟಂಟ್‌ಗೆ ನಿಂತರು. 1972ರ ‘ಫಿಸ್ಟ್ ಆಫ್ ಫ್ಯೂರಿ’ಯ ಕೊನೆಯಲ್ಲಿ ಬ್ರೂಸ್ ಲೀ ಒದೆಗೆ ಖಳನಾಯಕ ಬಾಗಿಲು ಸೀಳಿಕೊಂಡು ಹಿಂದಕ್ಕೆ ಹಾರುತ್ತಾನಲ್ಲ, ಖಳನ ಬದಲಿಗೆ ಹಾರಿದ್ದು ಜಾಕಿ. ಬೆನ್ನು ಕೊಟ್ಟು ಬೀಳುವುದು ಎಷ್ಟು ಕಷ್ಟವೆಂದು ಬಿದ್ದವರಿಗೇ ಗೊತ್ತು.

1988ರಲ್ಲಿ ಆ ಶಾಲೆಯ ಬದುಕೇ ‘ಪೇಂಟೆಡ್ ಫೇಸಸ್’ ಎಂಬ ಸಿನಿಮಾ ಆಯಿತು. ಗುರು ಯೂ ಪಾತ್ರ ಮಾಡಿದ್ದು ಅದೇ ಗುರುವಿನ ಕೈಯಲ್ಲಿ ಏಟು ತಿಂದು ಬೆಳೆದ ಸ್ಯಾಮೊ ಹಂಗ್.