ಪರದೆಯಿಂದ ಹುಟ್ಟಿದ ಉಡುಪು

ಶಿಲಾಶಾಸನ, ತಾಮ್ರಪಟ, ನಾಣ್ಯ, ಖಡ್ಗ ಇವನ್ನೇ ಇತಿಹಾಸದ ಆಕರಗಳೆಂದು ನಾವು ಬಹುಕಾಲ ಬಗೆದಿದ್ದೇವೆ. ಉಟ್ಟು ಕಳಚಿದ ಬಟ್ಟೆಯೂ ಒಂದು ಆಕರವಾಗಬಲ್ಲದು. ಅಮೆರಿಕದ ಆಸ್ಟಿನ್ ನಗರದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಕೇಂದ್ರದ ಸಂಗ್ರಹದಲ್ಲಿರುವ ಹಸಿರು ಉಡುಪೊಂದು ಇದಕ್ಕೆ ನಿದರ್ಶನ.

1939ರಲ್ಲಿ ತೆರೆಕಂಡ ‘ಗಾನ್ ವಿತ್ ದ ವಿಂಡ್’ ಚಿತ್ರಕ್ಕಾಗಿ ಇದನ್ನು ವಿನ್ಯಾಸಗೊಳಿಸಿದವರು ವಾಲ್ಟರ್ ಪ್ಲಂಕೆಟ್. ತೊಟ್ಟವರು ವಿವಿಯನ್ ಲೀ. ಆಕೆ 1913ರಲ್ಲಿ ನಮ್ಮ ದಾರ್ಜಿಲಿಂಗ್‌ನಲ್ಲಿ ಜನಿಸಿದವರು. ಅಂತರ್ಯುದ್ಧದಿಂದ ನಿರ್ಗತಿಕಳಾದ ನಾಯಕಿ ಸ್ಕಾರ್ಲೆಟ್, ಜಮೀನಿನ ತೆರಿಗೆ ಕಟ್ಟಲು 300 ಡಾಲರ್ ಬೇಡಲೆಂದು ಅಟ್ಲಾಂಟಾಕ್ಕೆ ಹೊರಡಬೇಕಾಗಿದೆ. ಆದರೆ ಬಡತನ ಮೈಮೇಲೆ ಕಾಣಬಾರದು. ಆಗ ಕಿಟಕಿಯ ಹಸಿರು ಮಖಮಲ್ ಪರದೆಯೇ ಕೆಳಗಿಳಿದು ಉಡುಪಾಗುತ್ತದೆ. ಪರದೆಯ ಹುರಿ-ಗೊಂಡೆಗಳು ನಡುಪಟ್ಟಿಯಾಗುತ್ತವೆ.

ಕಥೆಯಲ್ಲಿ ಆ ಉಡುಪನ್ನು ಹೊಲಿಯುವ ಹೊಣೆ ಬೀಳುವುದು ಮ್ಯಾಮಿ ಎಂಬ ಕಪ್ಪುವರ್ಣದ ದಾಸಿಯ ಮೇಲೆ. ಆ ಪಾತ್ರ ವಹಿಸಿದ ಹ್ಯಾಟಿ ಮೆಕ್‌ಡ್ಯಾನಿಯಲ್ ಅವರಿಗೆ, 1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ನಡೆದ ಪ್ರಥಮ ಪ್ರದರ್ಶನದಲ್ಲಿ ವರ್ಣಭೇದದ ಕಾನೂನಿನಿಂದಾಗಿ ಸ್ಥಾನವಿರಲಿಲ್ಲ. ಮರುವರ್ಷ ಆಕೆ ಆಸ್ಕರ್ ಪಡೆದ ಮೊದಲ ಕಪ್ಪುಜನಾಂಗದ ಕಲಾವಿದೆಯಾದರು. ಆ ಸಮಾರಂಭದಲ್ಲೂ ಆಕೆಯನ್ನು ಕೂರಿಸಿದ್ದು ಪ್ರತ್ಯೇಕ ಮೇಜಿನಲ್ಲಿ. ಗುಲಾಮಗಿರಿಯ ಕಾಲವನ್ನು ಚಿತ್ರವು ಸುಂದರವಾಗಿಸಿತೆಂಬ ಆಕ್ಷೇಪ ನ್ಯಾಯವಾದುದು. ಆದ್ದರಿಂದ ಈ ಉಡುಪನ್ನು ನೋಡುವಾಗ ತೊಟ್ಟವಳನ್ನಷ್ಟೇ ನೆನೆದರೆ ಸಾಲದು.

ಚಿತ್ರದ ಉಡುಪುಗಳು ಕೆಲವು ದಿನಗಳ ಚಿತ್ರೀಕರಣಕ್ಕೆಂದು ಹೊಲಿದಂಥವು, ಬಾಳಿಕೆಗಲ್ಲ. ಪ್ರಚಾರಕ್ಕಾಗಿ ಅವು ಊರೂರು ತಿರುಗಿ ಮತ್ತಷ್ಟು ಜೀರ್ಣವಾದವು. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರ ಸಂಗ್ರಹದೊಡನೆ 1980ರ ದಶಕದಲ್ಲಿ ಅವು ರ‍್ಯಾನ್ಸಮ್ ಕೇಂದ್ರವನ್ನು ಸೇರಿದವು. ಸಂರಕ್ಷಣೆಗೆ 30,000 ಡಾಲರ್ ಬೇಕೆಂದು 2010ರಲ್ಲಿ ಕೇಂದ್ರವು ವಿನಂತಿಸಿದಾಗ, ಹಲವು ದೇಶಗಳ ಅಭಿಮಾನಿಗಳು ಕೆಲವೇ ವಾರಗಳಲ್ಲಿ ಅದನ್ನು ಒದಗಿಸಿದರು. ಚಿತ್ರಕ್ಕೆ 75 ವರ್ಷ ತುಂಬಿದ 2014ರಲ್ಲಿ ಹಸಿರು ಉಡುಪು ಅಲ್ಲಿ ಮತ್ತೆ ಪ್ರದರ್ಶನಗೊಂಡಿತು.

ಇತ್ತ ನಮ್ಮ ನೆರೆಯ ಕೊಲ್ಹಾಪುರದಲ್ಲಿ ಜನಿಸಿದ ಭಾನು ಅಥೈಯಾ, ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಆಸ್ಕರ್ ಪಡೆದ ಪ್ರಥಮ ಭಾರತೀಯರು. ತಮ್ಮ ಕಾಲಾನಂತರ ಆ ಪ್ರಶಸ್ತಿಯು ಇಲ್ಲಿ ಸುರಕ್ಷಿತವಾಗಿ ಉಳಿದೀತೇ ಎಂಬ ಚಿಂತೆಯಿಂದ, 2012ರಲ್ಲಿ ಅದನ್ನು ಅಮೆರಿಕದ ಅಕಾಡೆಮಿಗೇ ಮರಳಿಸಿದರು. ಇದು ನಾವೆಲ್ಲರೂ ಯೋಚಿಸಬೇಕಾದ ಸಂಗತಿ.

ಗಡಿಯಾಚೆ ನೆಲೆಸಿದ ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜಿಯರ ಇಳಕಲ್ ಸೀರೆಗಳಿವೆ, ಕೈಯಾರೆ ಹೊಲಿದ ಕೌದಿಗಳಿವೆ. ಅವು ಯಾರವು, ಯಾವ ಊರಿನಿಂದ ಬಂದವು, ಯಾವ ಮದುವೆಗೆ ಉಟ್ಟವು, ಯಾರು ಹೊಲಿದರು ಎಂಬುದನ್ನು ಹಿರಿಯರಿರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅದರ ಮಡಿಕೆಯಲ್ಲಿ ಇರಿಸೋಣ. ವಸ್ತುಸಂಗ್ರಹಾಲಯದ ಮೊದಲ ಕೆಲಸವೂ ಇದೇ ಆಗಿದೆ.